ಕೆಂದಾವರೆಯೂ ಪೋಸ್ಟಾಫೀಸೂ

ಎರಡು ಪದಗಳು ಕೂಡಿ ಒಂದಾದುವೆಂಬುದನ್ನು ಕಿವಿಗೆ ತಿಳಿಸುವ ಬಗೆ ಎಲ್ಲ ಭಾಷೆಗಳಲ್ಲಿಯೂ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಆಘಾತ, ಎಂದರೆ ಉಚ್ಚಾರಣೆಯ ಒತ್ತು. ‘ಗ್ರೀನ್ ಹೌಸ್’ ಎಂಬಲ್ಲಿ ಉತ್ತರಪದವನ್ನು ಒತ್ತಿ ನುಡಿದರೆ ಹಸಿರು ಬಣ್ಣದ ಮನೆ. ಪೂರ್ವಪದವನ್ನು ಒತ್ತಿದರೆ ಗಿಡ ಬೆಳೆಸುವ ಗಾಜಿನ ಮನೆ.

ಕನ್ನಡದ ದಾರಿ ಬೇರೆ. ‘ಕೆಂಪು ತಾವರೆ’ ಎರಡು ಪದ. ‘ಕೆಂದಾವರೆ’ ಒಂದೇ ಪದ. ತಕಾರ ದಕಾರವಾದುದೇ ಅವುಗಳ ಕೂಟಕ್ಕೆ ಸಾಕ್ಷಿ. ಮಳೆಗಾಲ, ಕಂಬನಿಗಳೂ ಹೀಗೆಯೇ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಈ ಆದೇಶಕ್ಕೆ ಸೂತ್ರ ರಚಿಸಿದ್ದಾನೆ. ನಮ್ಮ ಛಂದಸ್ಸು ಲೆಕ್ಕವಿಡುವುದೂ ಅಕ್ಷರದ ಗುರುಲಘುಗಳನ್ನು, ಆಘಾತವನ್ನಲ್ಲ. ‘ಇಂಗ್ಲಿಷ್ ಗೀತಗಳು’ ಕೃತಿಯಲ್ಲಿ ಬಿ.ಎಂ.ಶ್ರೀ.ಯವರು ಆಘಾತಪ್ರಧಾನವಾದ ಕವಿತೆಗಳನ್ನು ಕನ್ನಡಕ್ಕೆ ತಂದಾಗ ಮಾತ್ರಾಗಣಗಳನ್ನೇ ಹೊಸ ಬಗೆಯಲ್ಲಿ ಹೊಂದಿಸಿಕೊಂಡರು.

ಇನ್ನು ನಮ್ಮ ಸೀಮೆಯ ಮಾತು. ಮುಂಬಯಿ ಕಡೆಯ ಮತ್ತು ಮದರಾಸು ಕಡೆಯ ರೈಲುಮಾರ್ಗಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಅಲ್ಲಿಂದ ಗುಂತಕಲ್ಲಿನತ್ತ ಸಾಗುವ ಹಳಿಯ ಮೇಲೆಯೇ ಮಟಮಾರಿ ಇದೆ. ಹಳಿಯೊಡನೆ ಇಂಗ್ಲಿಷ್ ಸಮಾಸಗಳೂ ಬಂದು ಇಳಿದವು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಇಲ್ಲಿಯ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಉರ್ದುವಿನ ಪ್ರಾಬಲ್ಯವಿದ್ದುದರಿಂದ, ‘ಸ್ಟೇಷನ್’ ಎಂಬುದು ‘ಇಸ್ಟೇಷನ್’ ಎಂಬ ಉರ್ದು ವೇಷದಲ್ಲಿಯೂ ನಮ್ಮ ಕಿವಿಗೆ ಬಿತ್ತು.

ಎಲ್ಲಕ್ಕಿಂತ ಸ್ವಾರಸ್ಯವಾದುದು ‘ಪೋಸ್ಟಾಫೀಸು’. ಇಂಗ್ಲಿಷ್ ಬಲ್ಲವನು ಇದನ್ನು ಪದದ ಗಡಿಯಲ್ಲಿ ‘ಪೋಸ್ಟ್–ಆಫೀಸ್’ ಎಂದು ಬಿಡಿಸುತ್ತಾನೆ. ಮುಖ್ಯ ಒತ್ತು ಪೂರ್ವಪದದ ಮೇಲೆ. ನಮ್ಮ ನಾಲಗೆ ಆ ಗಡಿಯನ್ನೇ ಅಳಿಸಿ, ವ್ಯಂಜನವನ್ನು ಮುಂದಿನ ಸ್ವರಕ್ಕೆ ಕೂಡಿಸಿ, ‘ಪೋಸ್–ಟಾ–ಫೀ–ಸು’ ಎನ್ನುತ್ತದೆ: ಮೂರು ಗುರು, ಒಂದು ಲಘು. ಕೊನೆಯ ಉಕಾರವೂ ನಮ್ಮದೇ. ಆಘಾತ ಹೋಯಿತು, ಅದರ ಸ್ಥಾನದಲ್ಲಿ ಸಂಧಿ ನಿಂತಿತು. ಎರಡು ಪದ ಒಂದಾಯಿತೆಂಬ ಅರ್ಥಕ್ಕೆ ಮಾತ್ರ ಲೋಪ ಬರಲಿಲ್ಲ.

ಮಟಮಾರಿ, ಮಾನ್ವಿ, ದೇವದುರ್ಗಗಳ ಕಡೆಯ ಹುಡುಗರು ಕಾಲೇಜಿನಲ್ಲಿ ಇಂಗ್ಲಿಷ್ ಓದಿದಾಗ ನಕ್ಕವರನ್ನು ನಾನು ಕಂಡಿದ್ದೇನೆ. ಆ ನಗೆಗೆ ಅಂಜಿ ಆಮೇಲೆ ಬಾಯಿಯನ್ನೇ ತೆರೆಯದೆ ಹಿಂದಿನ ಬೆಂಚು ಸೇರಿದವರನ್ನೂ ಕಂಡಿದ್ದೇನೆ. ಅವರ ಉಚ್ಚಾರಣೆ ಅಡ್ಡಾದಿಡ್ಡಿಯಲ್ಲ; ಅದು ಮತ್ತೊಂದು ವ್ಯಾಕರಣಕ್ಕೆ ನಿಷ್ಠವಾದದ್ದು. ಇಂಗ್ಲಿಷಿನ ಒತ್ತನ್ನು ಅವರು ಕಲಿಯಬೇಕು, ನಿಜ. ತಪ್ಪು ಒತ್ತು ಅರ್ಥವನ್ನು ಕೆಡಿಸುವುದುಂಟು. ಆದರೆ ಮೊದಲು ‘ಕೆಂಪು ತಾವರೆ’, ‘ಕೆಂದಾವರೆ’ ಎಂದು ಹೇಳಿಸಿ, ಆಮೇಲೆ ‘ಗ್ರೀನ್ ಹೌಸ್’ ಎಂಬುದನ್ನು ಎರಡು ಬಗೆಯಲ್ಲಿ ನುಡಿಸುವ ಅಧ್ಯಾಪಕರಿದ್ದರೆ, ಆ ಪಾಠಕ್ಕೆ ಒಂದು ಗಂಟೆ ಸಾಕು.