ತಟ್ಟೆಯ ಚೀಟಿ, ವಿಕಿಯ ಖಾನೆ: ಹಾಡುಗಳ ದಾಖಲೆಯಲ್ಲಿ ನಿಖರತೆಯ ಪ್ರಶ್ನೆ

ಮಂಗಳೂರಿನ ನಂತೂರು ವೃತ್ತದಲ್ಲಿ ಕೂಡುವ ಹೆದ್ದಾರಿಗಳನ್ನು ಹಳೆಯ ಸಂಖ್ಯೆಯಲ್ಲೇ ಕರೆಯುವವರು ಇನ್ನೂ ಇದ್ದಾರೆ. 2010ರ ಮರುಸಂಖ್ಯೆಯಲ್ಲಿ 17 ಹೋಗಿ 66 ಬಂತು. ಮೂಡುಬಿದಿರೆಯತ್ತ ಸಾಗುವ 13 ಹೋಗಿ 169 ಆಯಿತು. ವಿಕಿಪೀಡಿಯದಲ್ಲಿ ಒಬ್ಬ ಸಂಪಾದಕ ಹಳೆಯ ಸಂಖ್ಯೆ ಬರೆದರೆ ಇನ್ನೊಬ್ಬ ಗೆಜೆಟ್ ತೋರಿಸಿ ತಿದ್ದಬಹುದು. ವಾದ ಅಲ್ಲಿಗೆ ಮುಗಿಯಿತು. ಹಾಡಿಗೆ ಅಂಥ ಗೆಜೆಟ್ ಇಲ್ಲ.

ಇಂಗ್ಲಿಷ್ ರಾಕ್ ಹಾಡುಗಳಿಗೆ ಅದು ಹೆಚ್ಚುಕಡಿಮೆ ಇದೆ. ಬೀಟಲ್ಸ್ ತಂಡದ 'ಲವ್ ಮಿ ಡೂ' ಸಿಂಗಲ್ ಹೊರಬಂದದ್ದು 1962ರ ಅಕ್ಟೋಬರ್ 5ರಂದು. ಅದರಲ್ಲಿ ಡ್ರಮ್ ಬಾರಿಸಿದವರು ಯಾರು? ಸೆಪ್ಟೆಂಬರ್ 4ರ ಧ್ವನಿಮುದ್ರಣದಲ್ಲಿ ತಂಡದವರೇ ಆದ ರಿಂಗೋ ಸ್ಟಾರ್, 11ರಂದು ಹೊರಗಿನಿಂದ ಕರೆಸಿದ ಆ್ಯಂಡಿ ವೈಟ್. ಮೊದಲ ಮುದ್ರಣದ ತಟ್ಟೆಗಳಲ್ಲಿ ಇರುವುದು ರಿಂಗೋ. ಆಲ್ಬಮ್ಮಿಗೂ ನಂತರದ ಸಿಂಗಲ್ ಮುದ್ರಣಗಳಿಗೂ ಹೋದದ್ದು ವೈಟ್. ಕಂಜಿರದ ಗೆಜ್ಜೆಯಂಥ ಟ್ಯಾಂಬೊರಿನ್ ಸದ್ದು ಕೇಳಿಸಿದರೆ ಅದು ವೈಟ್ ಬಾರಿಸಿದ ಆವೃತ್ತಿ. ಇದನ್ನು ವಿಕಿ ಲೇಖನಕ್ಕೆ ಸೇರಿಸುವವನು ತನ್ನ ಕಿವಿಯನ್ನು ಸಾಕ್ಷಿಗೆ ಕರೆಯಬೇಕಿಲ್ಲ. ಮಾರ್ಕ್ ಲೂಯಿಸನ್ 1988ರಲ್ಲೇ ಬೀಟಲ್ಸ್ ಧ್ವನಿಮುದ್ರಣಗಳ ದಿನಚರಿಯನ್ನು ಪುಸ್ತಕವಾಗಿಸಿದ್ದಾರೆ. ಅಂಥ ಪುಸ್ತಕವಿಲ್ಲದ ಹಾಡಿನ ಬಗ್ಗೆ ಕನ್ನಡದ ಸಂಪಾದಕ ಹೀಗೆ ಕೇಳಿಸಿಕೊಂಡು ಬರೆದರೆ ಅದು 'ಸ್ವಂತ ಸಂಶೋಧನೆ' ಎನಿಸಿ ಅಳಿಸಿಹೋಗುತ್ತದೆ.

ಆಧಾರದ ಕೊರತೆ ಎಲ್ಲರಿಗೂ ಗೊತ್ತಿರುವ ತೊಂದರೆ. ನನ್ನನ್ನು ಹೆಚ್ಚು ಕಾಡುವುದು ಖಾನೆಗಳ ತೊಂದರೆ. ಇಂಗ್ಲಿಷ್ ವಿಕಿಯಲ್ಲಿ ಹಾಡಿನ ಲೇಖನದ ಬದಿಗೆ ಬರುವ ಮಾಹಿತಿ ಚೌಕ ಸಿಂಗಲ್ ಎಂಬ ಸರಕಿಗಾಗಿ ಹುಟ್ಟಿದ್ದು: ಎ ಬದಿ, ಬಿ ಬದಿ, ಬಿಡುಗಡೆಯ ದಿನ, ನಿರ್ಮಾಪಕ. ನಮ್ಮ ಚಿತ್ರಗೀತೆಗಳು ಹಾಗೆ ಬಂದವಲ್ಲ. ಏಳು ಅಂಗುಲದ ಇ.ಪಿ. ತಟ್ಟೆಯ ಒಂದೊಂದು ಬದಿಯಲ್ಲಿ ಸಾಮಾನ್ಯವಾಗಿ ಎರಡು ಹಾಡು. ಯಾವುದು ಮುಖ್ಯ, ಯಾವುದು ಜೊತೆಗೆ ಬಂದದ್ದು ಎಂಬ ಲೆಕ್ಕವೇ ಅಲ್ಲಿಲ್ಲ. 'ನಿರ್ಮಾಪಕ' ಎಂಬ ಖಾನೆಯಂತೂ ಎಡವಿ ಬೀಳಿಸುವಂಥದ್ದು. ರಾಕ್ ಸಿಂಗಲ್ಲಿನಲ್ಲಿ ಆತ ಬೀಟಲ್ಸ್ ಹಾಡುಗಳ ಜಾರ್ಜ್ ಮಾರ್ಟಿನ್ ಅವರಂತೆ ಸ್ಟುಡಿಯೋದಲ್ಲಿ ಕೂತು ನಾದವನ್ನು ರೂಪಿಸಿದವನು. ಕನ್ನಡ ಓದುಗನಿಗೆ ಆತ ಸಿನಿಮಾಕ್ಕೆ ಹಣ ಹಾಕಿದವನು. ಖಾನೆಯನ್ನು ಅನುವಾದಿಸಿ ತುಂಬಿದರೆ ಹೆಸರು ಸರಿಯಿದ್ದರೂ ಸಂಗತಿ ಸುಳ್ಳಾಗುತ್ತದೆ.

'ಮೊದಲು' ಎಂಬ ಮಾತಿನ ಕಥೆಯೂ ಇಂಥದ್ದೇ. ರಾಜ್‌ಕುಮಾರ್ ಗಾಯಕರಾದದ್ದು 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದ ಎಂದು ಬರೆಯುವವರು ಬಹಳ. ಅವರಿಗೆ ಹಿನ್ನೆಲೆ ಹಾಡುತ್ತಿದ್ದ ಪಿ.ಬಿ. ಶ್ರೀನಿವಾಸ್ ಅಸ್ವಸ್ಥರಾಗಿದ್ದರು, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಒತ್ತಾಯಿಸಿ ಹಾಡಿಸಿದರು ಎಂಬ ಪ್ರಸಂಗ ಚೆಂದವಾಗಿರುವುದರಿಂದ ಅದು ಎಲ್ಲೆಡೆ ಹಬ್ಬಿದೆ. ಆದರೆ 1956ರ 'ಓಹಿಲೇಶ್ವರ'ದಲ್ಲೂ 1959ರ 'ಮಹಿಷಾಸುರ ಮರ್ದಿನಿ'ಯಲ್ಲೂ ಅವರ ಕಂಠ ಕೇಳಿಸುತ್ತದೆ. ನೂರು ಕಡೆ ಮುದ್ರಣವಾದ ಪ್ರಸಂಗದ ಮುಂದೆ ಎರಡು ಹಳೆಯ ಚಿತ್ರಗಳ ಸಾಕ್ಷ್ಯ ಸೋಲಬಾರದು. ಮುದ್ರಿತ ಉಲ್ಲೇಖಗಳ ಸಂಖ್ಯೆ ನೋಡಿ ತೀರ್ಪು ಕೊಡುವ ಸಂಪಾದಕರು ಇಲ್ಲಿ ತಪ್ಪುತ್ತಾರೆ.

ಹಾಗಾದರೆ ತಟ್ಟೆಯ ನಡುವಿನ ಚೀಟಿಯೇ ಕೊನೆಯ ಮಾತೇ? ಅದೂ ಅಲ್ಲ. 'ಲವ್ ಮಿ ಡೂ' ಪ್ರಚಾರ ಪ್ರತಿಗಳ ಚೀಟಿಯಲ್ಲಿ ಮೆಕಾರ್ಟ್ನಿ ಹೆಸರಿನ ಒಂದು ಅಕ್ಷರವೇ ಬಿಟ್ಟುಹೋಗಿತ್ತು. 1949ರ ಹಿಂದಿ ಚಿತ್ರ 'ಮಹಲ್'ನ ತಟ್ಟೆಯಲ್ಲಿ ಗಾಯಕಿಯ ಜಾಗದಲ್ಲಿದ್ದದ್ದು ಕಾಮಿನಿ ಎಂಬ ಪಾತ್ರದ ಹೆಸರು. ರೇಡಿಯೋ ಕೇಳುಗರು ಬಿಡದೆ ವಿಚಾರಿಸಿದ ಮೇಲೆ ಲತಾ ಮಂಗೇಶ್ಕರ್ ಹೆಸರು ಹೊರಬಂತು.

ತುಳು, ಕೊಂಕಣಿಗೆ ಬಂದರೆ ಚೀಟಿಯೂ ಅಪರೂಪ, ಬಾಯಿಮಾತೇ ಬಂಡವಾಳ. ತುಳು ವಿಕಿಪೀಡಿಯ 2016ರಲ್ಲಿ ತೆರೆದುಕೊಂಡಿತು, ಕೊಂಕಣಿಯದು 2015ರಲ್ಲಿ. 2011ರಲ್ಲಿ ಅಚಲ್ ಪ್ರಭಲ ಮುಂದಾಳತ್ವದ ಒಂದು ಯೋಜನೆ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ ಅದನ್ನೇ ವಿಕಿಪೀಡಿಯದಲ್ಲಿ ಉಲ್ಲೇಖವಾಗಿ ಬಳಸಿ ನೋಡಿತು. ಕರಾವಳಿಗೆ ಬೇಕಾದದ್ದು ಇದೇ ಎಂದು ನಾನು ನಂಬುತ್ತೇನೆ. ನಂತೂರಿನಿಂದ ಹೆಚ್ಚು ದೂರವಿಲ್ಲದ ಶಕ್ತಿನಗರದ ಕಲಾಂಗಣದಲ್ಲಿ 2008ರ ಜನವರಿ 26, 27ರಂದು ಮಾಂಡ್ ಸೊಭಾಣ್ ಸಂಸ್ಥೆ 1,711 ಗಾಯಕರಿಂದ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಬರೆಯಿತು. ಈ ಹಾಡುಗಳನ್ನು ಬರೆದವರು ಯಾರು, ರಾಗ ಹಾಕಿದವರು ಯಾರು ಎಂದು ಬಲ್ಲವರು ಅಂಥ ಬಳಗದಲ್ಲಿ ಇನ್ನೂ ಸಿಗುತ್ತಾರೆ. ಅವರ ಮಾತನ್ನು ದಿನಾಂಕ ಸಮೇತ ದಾಖಲಿಸಿಟ್ಟರೆ ಚರ್ಚಾಪುಟದಲ್ಲಿ ತೋರಿಸಲು ಒಂದು ಆಧಾರವಾದರೂ ಇರುತ್ತದೆ.

ಖಾನೆಗಳ ಮಾದರಿಗೂ ದೂರ ಹೋಗಬೇಕಿಲ್ಲ. ನಂತೂರಿನ ಪಕ್ಕದ ಕದ್ರಿ ಗುಡ್ಡದಲ್ಲಿ ಆಕಾಶವಾಣಿ ಮಂಗಳೂರು 1976ರ ಡಿಸೆಂಬರ್ 11ರಂದು ಶುರುವಾಯಿತು. ಕೋರಿಕೆಯ ಹಾಡು ಹಾಕುವ ಮುನ್ನ ಉದ್ಘೋಷಕರು ಹೇಳುತ್ತಿದ್ದದ್ದು ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು. ಎ ಬದಿ ಇಲ್ಲ, ಬಿ ಬದಿ ಇಲ್ಲ, ಗೊಂದಲದ ನಿರ್ಮಾಪಕನೂ ಇಲ್ಲ. ಕನ್ನಡ ವಿಕಿಯ ಸಂಪಾದಕರು ಚರ್ಚೆಗೆ ಕೂಡುವ ಪುಟವಾದ ಅರಳಿ ಕಟ್ಟೆಯಲ್ಲಿ ಹಾಡಿನ ಮಾಹಿತಿ ಚೌಕದ ಮಾತು ಬಂದಾಗ ಈ ನಾಲ್ಕು ಖಾನೆಗಳನ್ನು ಮೊದಲು ಇಟ್ಟು, ಪ್ರತಿಯೊಂದರ ಪಕ್ಕದಲ್ಲೂ ಅದು ಚೀಟಿಯಿಂದ ಬಂದದ್ದೋ, ಟಾಕೀಸಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕದಿಂದಲೋ, ಹಾಡಿದವರ ಬಾಯಿಂದಲೋ ಎಂದು ಬರೆಯಲು ಜಾಗ ಬಿಡಬೇಕು.