ಕಡಲಂಚಿನ ವಾದ್ಯಮಂಟಪಕ್ಕೆ ಹವ್ಯಾಸಿ ಬ್ಯಾಂಡು ಬಂದ ಬಗೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈಸ್ಟ್‌ಬೋರ್ನ್ ಊರಿನಲ್ಲಿ, ಕಡಲಿಗೆ ಬೆನ್ನು ಕೊಟ್ಟು ನಿಂತ ನೀಲಿ ಗುಮ್ಮಟದ ವಾದ್ಯಮಂಟಪವೊಂದಿದೆ. 1935ರಲ್ಲಿ ತೆರೆದದ್ದು. ಬೇಸಿಗೆಯ ಮಧ್ಯಾಹ್ನ ಇಂಥ ಮಂಟಪಗಳಲ್ಲಿ ಊರಿನ ಮೇಷ್ಟ್ರು, ನರ್ಸು, ನಿವೃತ್ತ ಗುಮಾಸ್ತರೆಲ್ಲ ಸೇರಿ ಬ್ಯಾಂಡು ನುಡಿಸುವುದನ್ನು ಕಂಡವರಿಗೆ ಇದು ತಲೆತಲಾಂತರದ ಪದ್ಧತಿ ಎನಿಸುವುದು ಸಹಜ. ದಾಖಲೆಗಳು ಹೇಳುವ ಕಥೆ ಬೇರೆ. ಕಡಲಂಚಿನ ಮಂಟಪ ಎದ್ದದ್ದು ಸಂಬಳದ ವಾದಕರಿಗಾಗಿ. ಹವ್ಯಾಸಿ ಬ್ಯಾಂಡು ಬೆಳೆದದ್ದು ಒಳನಾಡಿನ ಗಿರಣಿ, ಗಣಿಗಳ ನೆರಳಿನಲ್ಲಿ. ಒಂದರೊಳಗೆ ಇನ್ನೊಂದು ನೆಲೆಯೂರಲು ಸುಮಾರು ನೂರು ವರ್ಷ ಬೇಕಾಯಿತು.

ಮೊದಲು ಮಂಟಪದ ಮಾತು. ಬ್ರಿಟನ್ನಿನ ಮೊದಲ ವಾದ್ಯಮಂಟಪಗಳು ಎಂದು ಗುರುತಿಸುವುದು 1861ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ತೋಟಗಾರಿಕಾ ಸಂಘದ ಉದ್ಯಾನದಲ್ಲಿ ಎದ್ದವನ್ನು. ವಿನ್ಯಾಸ ಕ್ಯಾಪ್ಟನ್ ಫ್ರಾನ್ಸಿಸ್ ಫೌಕ್ ಅವರದು. ಆಮೇಲೆ ಎರಕದ ಕಬ್ಬಿಣದ ಕಾಲ ಬಂತು. ಗ್ಲಾಸ್ಗೋದ ಸ್ಯಾರಸೆನ್ ಫೌಂಡ್ರಿಯಂಥ ಎರಕದ ಕಾರ್ಖಾನೆಗಳು ಮಂಟಪಗಳ ಕ್ಯಾಟಲಾಗನ್ನೇ ಅಚ್ಚು ಹಾಕಿಸಿದವು. ನಗರಸಭೆಗಳು ಪುಟ ನೋಡಿ ಕಂಬ, ಕಮಾನು, ಕಟಕಟೆ ಆರಿಸುತ್ತಿದ್ದವು. ಬ್ರೈಟನ್ ಕಡಲದಂಡೆಯಲ್ಲಿ 1884ರಲ್ಲಿ ನಿಂತ ಮಂಟಪಕ್ಕೆ ಜನ ಇಟ್ಟ ಹೆಸರು ‘ಹಕ್ಕಿಪಂಜರ’. ಬೆಂಗಳೂರಿನ ಕಬ್ಬನ್ ಪಾರ್ಕಿನ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡ್ ಕೂಡ ಇದೇ ವಂಶದ ಕುಡಿ, ಕಡಲೊಂದು ಹತ್ತಿರವಿಲ್ಲ ಅಷ್ಟೆ.

ಬಯಲಿನಲ್ಲಿ ಸಂಗೀತ ಕೇಳಿಸುವುದು ಆಗ ನಿರಪಾಯದ ವಿಷಯವಾಗಿರಲಿಲ್ಲ. 1855ರಲ್ಲಿ ಸರ್ ಬೆಂಜಮಿನ್ ಹಾಲ್ ಲಂಡನ್ನಿನ ಉದ್ಯಾನದಲ್ಲಿ ಭಾನುವಾರ ಮಿಲಿಟರಿ ಬ್ಯಾಂಡು ನುಡಿಸುವ ಏರ್ಪಾಟು ಮಾಡಿದಾಗ ದೇವರ ದಿನ ಕೆಟ್ಟಿತೆಂದು ಗುಲ್ಲೆದ್ದಿತು. ಮರುವರ್ಷ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಒತ್ತಡಕ್ಕೆ ಮಣಿದು ಸರ್ಕಾರ ಅದನ್ನು ನಿಲ್ಲಿಸಿತು. ಕಡಲೂರುಗಳ ಲೆಕ್ಕಾಚಾರ ಇನ್ನೊಂದು ಬಗೆಯದು. ರೈಲು ಬಂತು, 1871ರ ಕಾನೂನಿನಿಂದ ಬ್ಯಾಂಕ್ ರಜೆಗಳು ಬಂದವು. ಬಂದ ಪ್ರವಾಸಿಗರನ್ನು ಹಿಡಿದಿಡಲು ಊರಿಗೊಂದು ಆಕರ್ಷಣೆ ಬೇಕಿತ್ತು. ಬೋರ್ನ್‌ಮತ್ ನಗರ 1893ರಲ್ಲಿ ಡ್ಯಾನ್ ಗಾಡ್‌ಫ್ರೆ ಅವರಿಗೆ ಮೂವತ್ತು ವಾದಕರ ತಂಡ ಕಟ್ಟಲು ಹೇಳಿತು. ಮುಂದೆ ದೊಡ್ಡ ಹೆಸರಿನ ಆರ್ಕೆಸ್ಟ್ರಾ ಆದದ್ದು ಅದೇ ತಂಡ.

ಈ ವೃತ್ತಿಪರ ಲೋಕದ ಮೂಲೆಯಲ್ಲೊಬ್ಬ ಟ್ರೊಂಬೋನ್ ವಾದಕನಿದ್ದ: ಗುಸ್ಟಾವ್ ಹೋಲ್ಸ್ಟ್. ಬಲಗೈಯ ನರನೋವಿನಿಂದ ಪಿಯಾನೊ ಕೈಬಿಟ್ಟು ಟ್ರೊಂಬೋನ್ ಹಿಡಿದವನು, ಕಾಲೇಜಿನ ದಿನಗಳಲ್ಲಿ ಹೊಟ್ಟೆಪಾಡಿಗೆ ಸ್ಟಾನಿಸ್ಲಾಸ್ ವುರ್ಮ್ ಎಂಬಾತನ ‘ವೈಟ್ ವಿಯೆನ್ನೀಸ್ ಬ್ಯಾಂಡ್’ ಸೇರಿ ಕಡಲೂರುಗಳಲ್ಲಿ ನುಡಿಸಿದ. ಹೆಸರಿಗೆ ವಿಯೆನ್ನಾ, ನುಡಿಸುವವರು ಇಂಗ್ಲಿಷರು. ಬಿಳಿ ಸಮವಸ್ತ್ರ ತೊಟ್ಟು, ಜನರ ಕಿವಿಗೆ ಬೀಳುವಂತೆ ಮಾತಾಡುವಾಗ ಪರದೇಶಿ ಉಚ್ಚಾರಣೆ ನಟಿಸಬೇಕಿತ್ತಂತೆ. ಊರಿನವರೇ ನುಡಿಸಿದರೆ ಪ್ರವಾಸಿ ಕೇಳಲಾರ ಎಂಬ ಆ ಕಾಲದ ಧೋರಣೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಹವ್ಯಾಸಿಗಳು ಎಲ್ಲಿದ್ದರು? ಯಾರ್ಕ್‌ಷೈರ್, ಲ್ಯಾಂಕಾಷೈರ್‌ಗಳ ಹೊಗೆಯಲ್ಲಿ. 1840ರ ದಶಕದಲ್ಲಿ ಅಡಾಲ್ಫ್ ಸ್ಯಾಕ್ಸ್ ರೂಪಿಸಿದ ಸ್ಯಾಕ್ಸ್‌ಹಾರ್ನ್ ಕುಟುಂಬದ ಹಿತ್ತಾಳೆ ವಾದ್ಯಗಳು ಅವರ ಭಾಗ್ಯ ತೆರೆದವು. ಮೂರೇ ವಾಲ್ವು, ಹೆಚ್ಚುಕಡಿಮೆ ಎಲ್ಲದಕ್ಕೂ ಒಂದೇ ಬೆರಳಾಟ. ಕಾರ್ನೆಟ್ ಕಲಿತವನು ನಾಳೆ ಯುಫೋನಿಯಂ ಹಿಡಿಯಬಹುದು. ಮಗ್ಗದಲ್ಲಿ ಒರಟಾದ ಬೆರಳಿಗೆ ಪಿಟೀಲಿಗಿಂತ ಇದು ಬೇಗ ಒಗ್ಗುತ್ತಿತ್ತು. ಮಳೆ, ಚಳಿಗೂ ಜಗ್ಗುತ್ತಿರಲಿಲ್ಲ. ಮ್ಯಾಂಚೆಸ್ಟರ್‌ನ ಬೆಲ್ ವ್ಯೂನಲ್ಲಿ 1853ರಲ್ಲಿ ಸ್ಪರ್ಧೆ ಆರಂಭವಾಯಿತು. 1855ರಲ್ಲಿ ಜಾನ್ ಫಾಸ್ಟರ್ ಅವರ ಗಿರಣಿಯ ಬೆಂಬಲದಲ್ಲಿ ಬ್ಲ್ಯಾಕ್ ಡೈಕ್ ಬ್ಯಾಂಡು ನಿಂತಿತು. 1860ರಲ್ಲಿ ಎಂಡರ್ಬಿ ಜಾಕ್ಸನ್ ವಿಶೇಷ ರೈಲುಗಳಲ್ಲಿ ಬ್ಯಾಂಡುಗಳನ್ನು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿಗೆ ಕರೆತಂದರು. ಈ ಬ್ಯಾಂಡುಗಳು ಕಡಲೂರುಗಳಿಗೂ ಅತಿಥಿಗಳಾಗಿ ಹೋಗುತ್ತಿದ್ದವು. ಹೋಗಿ ನುಡಿಸಿ, ಸೋಮವಾರ ಕೆಲಸಕ್ಕೆ ಹಾಜರು.

ಇವರನ್ನು ಉಳಿದ ಸಂಗೀತಲೋಕದಿಂದ ದೂರವಿಟ್ಟದ್ದು ವರ್ಗಭೇದವೊಂದೇ ಅಲ್ಲ, ಶ್ರುತಿ ಕೂಡ. ಇದನ್ನು ಇತಿಹಾಸಕಾರರು ಅಡಿಟಿಪ್ಪಣಿಗೆ ತಳ್ಳುವುದು ಹೆಚ್ಚು. ನನಗೆ ಇದೇ ಮುಖ್ಯ ಎನಿಸುತ್ತದೆ. 1890ರ ದಶಕದಲ್ಲಿ ಲಂಡನ್ನಿನ ಆರ್ಕೆಸ್ಟ್ರಾಗಳು ಮೂಲಸ್ವರವನ್ನು ಸುಮಾರು 452 ಹರ್ಟ್ಜ್‌ನಿಂದ 439ಕ್ಕೆ ಇಳಿಸಿದವು. ಅಂತರ ಅರ್ಧಸ್ವರದ ಅರ್ಧದಷ್ಟು, ಆದರೆ ಕಿವಿಗೆ ಕರಕರ. ಕಂತಿನಲ್ಲಿ ವಾದ್ಯ ಕೊಂಡ ಗಿರಣಿ ಕೆಲಸಗಾರರು ಅವನ್ನು ಬಿಸಾಡಿ ಹೊಸದು ತರುವುದೆಲ್ಲಿಂದ? ಸೇನೆ 1920ರ ದಶಕದ ಕೊನೆಯಲ್ಲಿ ಶ್ರುತಿ ಇಳಿಸಿತು. ಹಿತ್ತಾಳೆ ಬ್ಯಾಂಡುಗಳು ಮಾತ್ರ 1960ರ ದಶಕದವರೆಗೆ, ತಯಾರಕರು ಹಳೆಯ ಶ್ರುತಿಯ ವಾದ್ಯ ಮಾಡುವುದನ್ನು ನಿಲ್ಲಿಸುವ ತನಕ, ಏರುಶ್ರುತಿಯಲ್ಲೇ ಉಳಿದವು. ಅಲ್ಲಿಯವರೆಗೆ ಅವರ ಜೊತೆ ಕೊಳಲು, ಕ್ಲಾರಿಯೋನೆಟ್ ಕೂರಿಸುವುದು ಕಷ್ಟದ ಮಾತು.

ಅದೇ ಹೊತ್ತಿಗೆ ಇನ್ನೆರಡು ಬದಲಾವಣೆ ಬಂದು ಕೂಡಿದವು. ಅಗ್ಗದ ವಿಮಾನಗಳು ಇಂಗ್ಲಿಷ್ ಕುಟುಂಬಗಳನ್ನು ಸ್ಪೇನಿನ ಬಿಸಿಲಿಗೆ ಒಯ್ದವು. ಕಡಲೂರುಗಳಿಗೆ ವಾರಗಟ್ಟಲೆ ವೃತ್ತಿಪರರನ್ನು ಸಾಕುವುದು ದುಬಾರಿಯಾಯಿತು. ಇತ್ತ ಜಿಲ್ಲಾ ಶಿಕ್ಷಣ ಇಲಾಖೆಗಳು ಶಾಲೆಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ಕ್ಲಾರಿಯೋನೆಟ್, ಸ್ಯಾಕ್ಸೊಫೋನ್ ಕಲಿಸಿದವು. ಹೀಗೆ ಕಲಿತು ದೊಡ್ಡವರಾದವರಿಗೆ ಆರ್ಕೆಸ್ಟ್ರಾದಲ್ಲಿ ಜಾಗ ಕಡಿಮೆ, ಹಿತ್ತಾಳೆ ಬ್ಯಾಂಡಿನಲ್ಲಿ ಇಲ್ಲವೇ ಇಲ್ಲ. ಅವರು ಕಟ್ಟಿಕೊಂಡದ್ದೇ ಹವ್ಯಾಸಿ ಕನ್ಸರ್ಟ್ ಬ್ಯಾಂಡು. 1981ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಇದಕ್ಕೆ ಸಂಘಟನೆಯ ಬಲ ಕೊಟ್ಟಿತು. ಖಾಲಿ ಬಿದ್ದ ಮಂಟಪಕ್ಕೆ ಹತ್ತಿ ಕೂತವರಲ್ಲಿ ಇವರೂ ಇದ್ದರು.

ಅವರ ಸ್ಟ್ಯಾಂಡಿನ ಮೇಲೆ, ಕಡಲಗಾಳಿಗೆ ಹಾರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ ಹಾಳೆಗಳಲ್ಲಿ, ಆಗಾಗ ಕಾಣುವ ಕೃತಿಯೊಂದಿದೆ: 1909ರಲ್ಲಿ ಮಿಲಿಟರಿ ಬ್ಯಾಂಡಿಗೆಂದು ಬರೆದ ‘ಫಸ್ಟ್ ಸ್ವೀಟ್’. ಬರೆದವನು ಹೋಲ್ಸ್ಟ್.