ಕಾಯಕಕ್ಕೆ ಲೆಕ್ಕ, ಕಲಿಕೆಗೆ ಗುರು

ವರದೆ ಮತ್ತು ತುಂಗಭದ್ರೆಗಳು ಹರಿಯುವ ಸೀಮೆಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಮೂರು ಪಟ್ಟಣಗಳು ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಒಂದೇ ರೇಲ್ವೆ ಹಾದಿಯಲ್ಲಿ ನೆಲೆಸಿವೆ. ಮಲೆನಾಡಿನ ಏಲಕ್ಕಿಯ ವ್ಯಾಪಾರದಿಂದಲೂ ಏಲಕ್ಕಿಯ ಮಾಲೆಗಳಿಂದಲೂ ಹಾವೇರಿಯು, ಒಣಮೆಣಸಿನಕಾಯಿಯಿಂದ ಬ್ಯಾಡಗಿಯು, ಹತ್ತಿ ಮತ್ತು ಬಿತ್ತನೆಯ ಬೀಜಗಳಿಂದ ರಾಣೆಬೆನ್ನೂರು ಹೆಸರಾಗಿರುವುದು ಸರ್ವರಿಗೂ ವಿದಿತವಾಗಿಯೇ ಇದೆ. ಉದ್ಯೋಗದ ಏಳಿಗೆಗೆ ಭೂಮಿ, ಬಂಡವಾಳ, ದೈವಾನುಕೂಲ ಇವೇ ಕಾರಣಗಳೆಂದು ಜನರು ಸಾಮಾನ್ಯವಾಗಿ ಹೇಳುವುದುಂಟು. ಪರಂತು ಈ ಸೀಮೆಯ ಚರಿತ್ರೆಯನ್ನು ಅವಲೋಕಿಸಿದವರಿಗೆ ಇನ್ನೆರಡು ಕಾರಣಗಳು ಕಾಣದೆ ಇರಲಾರವು. ದುಡಿಯುವವನನ್ನು ಲೆಕ್ಕ ಕೇಳುವವರು ಇರಬೇಕು. ಅವನಿಗೆ ತಪ್ಪು ತೋರಿಸಿ ಕಲಿಸುವವರು ಇರಬೇಕು. ಇವರಿಬ್ಬರೂ ಇದ್ದೆಡೆಯಲ್ಲಿ ಕಾಯಕವು ಬೆಳೆದಿದೆ. ಇಲ್ಲದೆಡೆಯಲ್ಲಿ ಕೂಡಿಟ್ಟದ್ದೂ ಕರಗಿದೆ.

ಈ ವಿಚಾರವು ಶರಣರ ಕಾಲದಿಂದಲೇ ನಡೆದುಬಂದದ್ದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬಿಜ್ಜಳನ ಭಂಡಾರದ ಹೊಣೆಯನ್ನು ಬಸವಣ್ಣನವರು ಹೊತ್ತಿದ್ದರು. ಅರಸನ ಹಣವನ್ನು ಜಂಗಮರಿಗೆ ಸವೆಸುತ್ತಾರೆಂದು ದೂರು ಹೋದಾಗ, ಭಂಡಾರವನ್ನು ಎಣಿಸಿ ನೋಡಲು ಒಂದು ಹಣವೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಭಕ್ತರು ಇದರಲ್ಲಿ ಪವಾಡವನ್ನು ಕಾಣುತ್ತಾರೆ. ವ್ಯವಹಾರಸ್ಥನು ಮತ್ತೊಂದನ್ನೂ ಕಾಣಬೇಕು: ಲೆಕ್ಕ ಕೇಳಿದ್ದನ್ನು ಅಪಮಾನವೆಂದು ಎಣಿಸದೆ ಭಂಡಾರದ ಬಾಗಿಲನ್ನು ತೆರೆದು ತೋರಿದ ನಡೆಯನ್ನು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯು ಇದಕ್ಕಿಂತಲೂ ಸೂಕ್ಷ್ಮವಾದುದು. ನೆಲಕ್ಕೆ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕವಾಗಿದ್ದಿತು. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ತಂದನು. ಲಕ್ಕಮ್ಮನು ಸಂತೋಷಪಡಲಿಲ್ಲ, ಹೆಚ್ಚಾದುದನ್ನು ತಂದ ಸ್ಥಳಕ್ಕೇ ಒಪ್ಪಿಸಿ ಬರಬೇಕೆಂದಳು. ಮಾರಯ್ಯನು ಹಾಗೆಯೇ ಮಾಡಿದನು. ಇಲ್ಲಿ ಕೇಳಿದವಳು ಅರಸಿಯಲ್ಲ, ಅಧಿಕಾರಿಣಿಯಲ್ಲ; ಮನೆಯ ಮಡದಿ. ಕಡಿಮೆಯಾದಾಗ ಪ್ರಶ್ನಿಸುವವರು ಬಹುಮಂದಿ. ಹೆಚ್ಚಾದಾಗ ಪ್ರಶ್ನಿಸುವವರೇ ನಿಜವಾದ ಹಿತೈಷಿಗಳು. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಡದ ಚೌಡಯ್ಯದಾನಪುರವು ಅಂಬಿಗರ ಚೌಡಯ್ಯನ ಹೆಸರನ್ನು ಇಂದಿಗೂ ಹೊತ್ತು ನಿಂತಿದೆ. ಹುಟ್ಟು ಹಾಕುವ ಅಂಬಿಗನು ತನ್ನ ಕಾಲದ ವೇಷಧಾರಿಗಳನ್ನು ನಿಷ್ಠುರವಾಗಿ ಪ್ರಶ್ನಿಸಿದನು. ಶರಣಸಂಕುಲವು ಅವನನ್ನು ದೂರ ಮಾಡಲಿಲ್ಲ, ನಿಜಶರಣನೆಂದು ಗೌರವಿಸಿತು.

ತರುವಾಯದ ಶತಮಾನಗಳಲ್ಲಿ ಕನ್ನಡನಾಡಿನ ಪೇಟೆಗಳ ಲೆಕ್ಕವು ಕಡತಗಳಲ್ಲಿ ಉಳಿಯಿತು. ಬಟ್ಟೆಗೆ ಕಪ್ಪು ಲೇಪ ಕೊಟ್ಟು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಗಳು ಅವು. ಬಳಿಕ ಕಾಗದದ ಕಿರ್ದಿ ಖಾತೆಗಳು ಬಂದವು. ಅಂಗಡಿಗೆ ಸೇರಿದ ಹುಡುಗನು ಮೊದಲು ಕಸ ಗುಡಿಸಿ, ತೂಕ ಕಲಿತು, ಆಮೇಲೆ ಸಾಹುಕಾರನ ಬದಿಗೆ ಕುಳಿತು ದಿನದ ಕಿರ್ದಿಯನ್ನು ಬರೆಯಲು ಕಲಿಯುತ್ತಿದ್ದನು. ಸಂಜೆಗೆ ರೊಕ್ಕವೂ ಬರಹವೂ ಒಂದಕ್ಕೊಂದು ಕೂಡಿದ ಹೊರತು ದೀಪ ಆರಿಸುವಂತಿರಲಿಲ್ಲ. ದೀಪಾವಳಿಯಲ್ಲಿ ಲಕ್ಷ್ಮಿಯೊಡನೆ ಖಾತೆ ಪುಸ್ತಕಕ್ಕೂ ಪೂಜೆ ಸಲ್ಲುವ ಪದ್ಧತಿಯು ಇಂದಿಗೂ ಉಳಿದಿದೆ.

ಪರಂತು ಬರೆದವನಿಗೆ ಮಾತ್ರ ತಿಳಿಯುವ ಲೆಕ್ಕವು ಲೆಕ್ಕವಲ್ಲ. ಓದುಬರಹವಿಲ್ಲದ ರೈತನ ಸಾಲವು ಸಾಹುಕಾರನ ಪುಸ್ತಕದಲ್ಲಿ ಬೆಳೆಯುತ್ತ ಹೋದುದರ ಪರಿಣಾಮವು 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳಲ್ಲಿ ಪ್ರಕಟವಾಯಿತು. ರೈತರು ಸಾಲಪತ್ರಗಳನ್ನು ಕಸಿದು ಸುಟ್ಟರು. 1879ರಲ್ಲಿ ಆದ ಕಾಯದೆಯು, ಸಾಲ ಪಡೆದ ರೈತನಿಗೆ ಪಾವತಿಯನ್ನೂ ಲೆಕ್ಕದ ವಿವರವನ್ನೂ ಕೊಡಬೇಕೆಂದು ವಿಧಿಸಿತು. ಕೊಡುವವನಂತೆ ಪಡೆಯುವವನೂ ಲೆಕ್ಕ ಕೇಳಬಲ್ಲವನಾಗಿರಬೇಕೆಂಬುದಕ್ಕೆ ಇದೊಂದು ಕಹಿಯಾದ ನಿದರ್ಶನ.

ಇದಕ್ಕೆ ಸಿಹಿಯಾದ ಉತ್ತರವು ಹಾವೇರಿಗೆ ನೆರೆಯಾದ ಗದಗ ಸೀಮೆಯಲ್ಲಿ ದೊರೆಯಿತು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕಣಗಿನಹಾಳ ಗ್ರಾಮದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು 1905ನೆಯ ಇಸವಿಯಲ್ಲಿ ನೋಂದಣಿಯಾಯಿತು. 1904ರ ಕಾಯದೆಯ ಮೇರೆಗೆ ಗ್ರಾಮೀಣ ಸಂಘಗಳ ಹೊಣೆಯು ಅಪರಿಮಿತವಾಗಿದ್ದಿತು. ಅರ್ಥಾತ್ ಒಬ್ಬ ಸದಸ್ಯನು ಸಾಲ ತೀರಿಸದಿದ್ದರೆ ಉಳಿದವರೆಲ್ಲರೂ ಅದಕ್ಕೆ ಬಾಧ್ಯರು. ಆದುದರಿಂದ ಸಾಲವು ಬೀಜಕ್ಕೆ ಸಂದಿತೋ ಮದುವೆಯ ಆಡಂಬರಕ್ಕೆ ಸಂದಿತೋ ಎಂದು ಕೇಳುವ ಹಕ್ಕು ನೆರೆಯವನಿಗೂ ಬಂದಿತು.

ಇದೇ ಕಾಲದಲ್ಲಿ ಕಲಿಕೆಯ ವಿಷಯವಾಗಿ ಚಿಂತಿಸಿದ ಮಹಾನುಭಾವರು ಹಾನಗಲ್ಲ ಕುಮಾರ ಸ್ವಾಮಿಗಳವರು. ಅವರು 1867ರಲ್ಲಿ ರಾಣೆಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಜನಿಸಿದರು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣೀಭೂತರಾದರು. 1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಪೀಠವನ್ನೇರಿದ ಮಾತ್ರಕ್ಕೆ ಯೋಗ್ಯತೆ ಬರುವುದಿಲ್ಲ, ಯೋಗ್ಯತೆ ಬಂದ ಬಳಿಕ ಪೀಠವನ್ನೇರಬೇಕು ಎಂಬುದು ಆ ಸಂಸ್ಥೆಯ ತಿರುಳು. ಮುಂದೆ ಮಠಗಳನ್ನು ನಡೆಸಬೇಕಾದ ವಟುಗಳು ಅಲ್ಲಿ ಶಾಸ್ತ್ರ, ಯೋಗ, ಗೋಸೇವೆಗಳಲ್ಲಿ ಹಿರಿಯರ ಕಣ್ಣೆದುರಿಗೆ ಪಳಗಿದರು. ಸಮಾಜಕ್ಕೆ ಬೋಧಿಸುವವರೂ ಮೊದಲು ಬೋಧೆಗೆ ಒಳಗಾಗಬೇಕೆಂದು ಒಬ್ಬ ಮಠಾಧಿಪತಿಗಳೇ ವಿಧಿಸಿದುದು ಸಾಮಾನ್ಯವಾದ ಮಾತಲ್ಲ.

ಅವರ ಕೃಪೆಗೆ ಪಾತ್ರನಾದ ಒಬ್ಬ ಬಾಲಕನ ವೃತ್ತಾಂತವನ್ನು ಇಲ್ಲಿ ಸ್ಮರಿಸಬೇಕು. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡನಾಗಿ ಜನಿಸಿದವನಿಗೆ ಅಂದಿನ ಲೋಕವು ತೋರುತ್ತಿದ್ದ ವೃತ್ತಿಯು ಭಿಕ್ಷೆಯೊಂದೇ. ಸ್ವಾಮಿಗಳವರು ಅವನಿಗೆ ಅನ್ನವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಸಂಗೀತದ ಶಿಕ್ಷಣವನ್ನು ಕೊಡಿಸಿದರು. ಆ ಬಾಲಕನು ಕರ್ನಾಟಕ ಸಂಗೀತವನ್ನು ಕಲಿತು, ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನೂ ಸಾಧಿಸಿ, ಪಂಚಾಕ್ಷರಿ ಗವಾಯಿಗಳೆಂದು ಪ್ರಖ್ಯಾತರಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅಂಧರಿಗೂ ಅನಾಥರಿಗೂ ಸಂಗೀತವು ಜೀವನೋಪಾಯವಾಗುವಂತೆ ಮಾಡಿ 1944ರಲ್ಲಿ ಲಿಂಗೈಕ್ಯರಾದರು. ಪುಟ್ಟರಾಜ ಗವಾಯಿಗಳೂ ಬಸವರಾಜ ರಾಜಗುರುಗಳೂ ಅವರ ಶಿಷ್ಯರು. ಸ್ವರ ತಪ್ಪಿದೊಡನೆ ತಡೆದು ತಿದ್ದುವ ಗುರುವಿಲ್ಲದೆ ಯಾವ ಗಾಯಕನೂ ಸಿದ್ಧನಾಗುವುದಿಲ್ಲ. ಕರುಣೆಯು ಒಂದು ದಿನದ ಹಸಿವನ್ನು ನೀಗಿದರೆ, ಕಲಿಕೆಯು ಮೂರು ತಲೆಮಾರುಗಳಿಗೆ ಉದ್ಯೋಗವನ್ನು ಕೊಟ್ಟಿತು.

ಇನ್ನು ಬ್ಯಾಡಗಿಯ ಪೇಟೆಯ ವಿಚಾರ. ಡಬ್ಬಿ, ಕಡ್ಡಿ ಎಂಬ ತಳಿಗಳ ಇಲ್ಲಿಯ ಮೆಣಸಿನಕಾಯಿಯು ಖಾರದಲ್ಲಿ ಮಿತವಾಗಿದ್ದು ಕೆಂಪು ಬಣ್ಣದಲ್ಲಿ ಶ್ರೇಷ್ಠವಾದುದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಪೂರ್ವದಲ್ಲಿ ದೇಶದ ಅನೇಕ ಪೇಟೆಗಳಲ್ಲಿ ದಲಾಲಿಯೂ ಖರೀದಿದಾರನೂ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತು ಮಾಡುವ ರೂಢಿಯಿದ್ದಿತು. ಬೆಳೆದವನು ಪಕ್ಕದಲ್ಲಿಯೇ ನಿಂತಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಮುಂಬಯಿ ಪ್ರಾಂತದ 1939ರ ಮಾರುಕಟ್ಟೆ ಕಾಯದೆಯೂ ಕರ್ನಾಟಕದ 1966ರ ಕಾಯದೆಯೂ ಆ ಮರೆಯನ್ನು ಸರಿಸಲು ಯತ್ನಿಸಿದವು. ಇಂದು ಟೆಂಡರಿನ ದರಗಳು ಗಣಕಯಂತ್ರದಲ್ಲಿ ದಾಖಲಾಗುತ್ತವೆ. ಇಷ್ಟಾದರೂ 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ರೊಚ್ಚಿಗೆದ್ದವರು ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. ಆ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಅದರೊಳಗಿನ ಪಾಠವನ್ನು ಮರೆಯಲೂ ಆಗದು. ದರವನ್ನು ಹೇಳುವುದು ಬೇರೆ, ದರವೇಕೆ ಇಳಿಯಿತೆಂದು ತಿಳಿಸುವುದು ಬೇರೆ. ವರುಷದ ದುಡಿಮೆಯನ್ನು ಚೀಲದಲ್ಲಿ ತುಂಬಿ ತಂದವನಿಗೆ ಎರಡನೆಯದೂ ಸಲ್ಲಬೇಕಾದ ಲೆಕ್ಕವೇ.

ರಾಣೆಬೆನ್ನೂರಿನ ಬೀಜೋದ್ಯಮದಲ್ಲಿ ಲೆಕ್ಕ ಮತ್ತು ಕಲಿಕೆಗಳೆರಡೂ ಒಂದೇ ಹೊಲದಲ್ಲಿ ಕೂಡಿವೆ. ಧಾರವಾಡದಲ್ಲಿ ಬಿ. ಎಚ್. ಕಟರ್ಕಿಯವರು ಸಿದ್ಧಪಡಿಸಿದ ವರಲಕ್ಷ್ಮಿ ಎಂಬ ಮಿಶ್ರತಳಿಯ ಹತ್ತಿಯು 1972ರಲ್ಲಿ ಬಿಡುಗಡೆಯಾಯಿತು. ಇಂತಹ ಬೀಜವನ್ನು ಪಡೆಯಲು ಸಂಜೆಯ ವೇಳೆ ಹೆಣ್ಣುಗಿಡದ ಮೊಗ್ಗಿನಿಂದ ಕೇಸರಗಳನ್ನು ಕೈಯಿಂದ ತೆಗೆದು, ಮರುದಿನ ಮುಂಜಾನೆ ಗಂಡುಗಿಡದ ಪರಾಗವನ್ನು ಸೋಕಿಸಬೇಕು. ಉಗುರಿನ ತುದಿಯ ಈ ಕೆಲಸವು ಪುಸ್ತಕದಿಂದ ಬರುವಂಥದಲ್ಲ. ಬಲ್ಲವರು ಸಾಲಿನಲ್ಲಿ ಜೊತೆಗೆ ನಿಂತು ತೋರಿಸಬೇಕು. ಕಲಿತ ಬಳಿಕವೂ ಹೊಲದ ತಪಾಸಣೆ, ಮೊಳಕೆಯ ಪರೀಕ್ಷೆ, ತಳಿಶುದ್ಧಿಯ ಪರೀಕ್ಷೆಗಳು ತಪ್ಪುವುದಿಲ್ಲ. ಒಂದು ಮೊಗ್ಗು ಕಣ್ತಪ್ಪಿದರೆ ಅದರ ದೋಷವು ಅಂದು ಕಾಣದು. ಮುಂದಿನ ಮಳೆಗಾಲದಲ್ಲಿ, ದೂರದ ಊರಿನ ಯಾರೋ ರೈತನ ಹೊಲದಲ್ಲಿ ಕಾಣುವುದು. ಮುಖ ಕಾಣದ ಆ ರೈತನಿಗೂ ತಾನು ಬಾಧ್ಯನೆಂಬ ಅರಿವು ಈ ಕಾಯಕಕ್ಕೆ ಅವಶ್ಯವಾದುದು.

ಈ ಎಲ್ಲ ವೃತ್ತಾಂತಗಳಿಂದ ಸದ್ಭಕ್ತರು ಗ್ರಹಿಸಬೇಕಾದ ವಿಷಯಗಳು ಸರಳವಾಗಿವೆ. ಅಂಗಡಿಯವನಾಗಲಿ, ಒಕ್ಕಲಿಗನಾಗಲಿ, ನೌಕರಿಯಲ್ಲಿರುವ ತರುಣನಾಗಲಿ ತನ್ನ ದಿನದ ಕೆಲಸವನ್ನು ಬರೆದಿಡಬೇಕು. ತನ್ನನ್ನು ಹೊಗಳುವವರಿಗಲ್ಲ, ತಪ್ಪು ಹೇಳಬಲ್ಲ ಒಬ್ಬರಿಗಾದರೂ ಅದನ್ನು ತೋರಿಸಬೇಕು. ಕಲಿಸುವ ಹಿರಿಯರು ನಾಲ್ಕು ಜನರ ನಡುವೆ ಹೀಯಾಳಿಸದೆ, ಬದಿಗೆ ಕರೆದು ತಿದ್ದಬೇಕು. ಶಿಷ್ಯನು ಸ್ವತಂತ್ರನಾಗಿ ನಿಲ್ಲುವುದನ್ನೇ ತಮ್ಮ ಲಾಭವೆಂದು ತಿಳಿಯಬೇಕು. ಲೆಕ್ಕ ಕೇಳುವವನು ತಾನೂ ಲೆಕ್ಕ ಕೊಡಲು ಸಿದ್ಧನಿರಬೇಕು.

ಮಠದ ಮಹೋತ್ಸವವೆಂದರೂ ಒಂದು ಬಗೆಯಲ್ಲಿ ಲೆಕ್ಕ ಒಪ್ಪಿಸುವ ದಿನವೇ ಸರಿ. ಭಕ್ತರ ಕಾಳು ಕಡಿಗಳಿಂದ ದಾಸೋಹವೆಷ್ಟು ನಡೆಯಿತು, ಎಷ್ಟು ಮಕ್ಕಳು ಓದಿ ಸ್ವಂತ ಕಾಲ ಮೇಲೆ ನಿಂತರು ಎಂದು ಮಠವು ಸಮಾಜಕ್ಕೆ ಹೇಳಬೇಕು. ಮಠದಿಂದ ಪಡೆದ ಸಂಸ್ಕಾರವು ತಮ್ಮ ತಕ್ಕಡಿಯಲ್ಲಿಯೂ ಖಾತೆಯಲ್ಲಿಯೂ ಎಷ್ಟು ಇಳಿಯಿತೆಂದು ಭಕ್ತರು ತಮ್ಮ ಅಂತರಂಗಕ್ಕೆ ಹೇಳಿಕೊಳ್ಳಬೇಕು. ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸಿದ ಆ ದಂಪತಿಗಳ ನಿಷ್ಠೆಯು ಈ ಸೀಮೆಯ ಪೇಟೆಗಳಲ್ಲಿಯೂ ಹೊಲಗಳಲ್ಲಿಯೂ ಮಠಗಳಲ್ಲಿಯೂ ನೆಲೆಗೊಳ್ಳಲಿ.